ಸವೆದ ಜಾಕು ಮತ್ತು ಅದರ ಕೆಳಗಿನ ಕೈ

ರಿಪೇರಿಯನ್ನು ಹೊಗಳುವುದಕ್ಕೆ ಈಗ ಖರ್ಚಿಲ್ಲ. ಹಳೆಯದನ್ನು ಎಸೆಯಬೇಡಿ, ಸರಿಮಾಡಿ ಬಳಸಿ ಎಂದರೆ ಪರಿಸರದ ಕಾಳಜಿಯವರೂ ತಲೆಯಾಡಿಸುತ್ತಾರೆ, ಜಿಪುಣರೂ ತಲೆಯಾಡಿಸುತ್ತಾರೆ. ಆದರೆ ಈ ಹೊಗಳಿಕೆಯಲ್ಲಿ ಬರುವ ಉದಾಹರಣೆಗಳನ್ನು ಗಮನಿಸಿ: ಹರಿದ ಕೌದಿ, ನಿಂತ ಗಡಿಯಾರ, ಕಾಲು ಮುರಿದ ಕುರ್ಚಿ, ಅಜ್ಜನ ರೇಡಿಯೋ. ಕೆಲಸ ಕೆಟ್ಟರೆ ನಷ್ಟ ಮಾಡಿದವನದೇ. ಕೌದಿಯ ಹೊಲಿಗೆ ಬಿಚ್ಚಿದರೆ ಚಳಿಯಾಗಬಹುದು, ಯಾರ ಬೆರಳೂ ಹೋಗುವುದಿಲ್ಲ. ನಾನು ಬರೆಯಹೊರಟಿರುವುದು ಬೇರೆ ಜಾತಿಯ ವಸ್ತುವಿನ ಬಗ್ಗೆ. ಭಾರ ಹೊರುವ, ಹೊತ್ತಿರುವಾಗ ಅದರ ಕೆಳಗೆ ಇನ್ನೊಬ್ಬ ಮನುಷ್ಯ ಕೈಹಾಕಬಹುದಾದ ವಸ್ತು. ಅದನ್ನು ಮನೆಯಲ್ಲಿ ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಕೆಲಸಕ್ಕೆ ಇಡುವ ಹಕ್ಕು ನನಗೆ ಎಲ್ಲಿಂದ ಬರುತ್ತದೆ?

ವಸ್ತು ಬಹಳ ಸಾಧಾರಣದ್ದು. ಕಬ್ಬು ಸಾಗಿಸುವ ಎರಡು ಗಾಲಿಯ ಟ್ರೇಲರಿನ ಮುಂದಿನ ಜಾಕು. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳಬೇಕೆಂದರೆ: ಎರಡು ಗಾಲಿಯ ಟ್ರೇಲರು ಟ್ರ್ಯಾಕ್ಟರಿನಿಂದ ಬಿಚ್ಚಿದೊಡನೆ ಮೂಗು ನೆಲಕ್ಕೆ ಊರುತ್ತದೆ. ಹಾಗೆ ಊರದಂತೆ ಮೂಗಿನ ಕೆಳಗೆ ಒಂದು ಕಾಲು ಬೇಕು. ಆ ಕಾಲಿನ ಉದ್ದ ಬೇಕಾದಂತೆ ಹೆಚ್ಚುಕಡಿಮೆ ಮಾಡಲು ಬರಬೇಕು, ಇಲ್ಲವಾದರೆ ಮತ್ತೆ ಟ್ರ್ಯಾಕ್ಟರಿನ ಕೊಂಡಿಗೆ ಸರಿಯಾಗಿ ಕೂಡುವುದಿಲ್ಲ. ಆ ಕಾಲೇ ಜಾಕು. ಹೊರಗೊಂದು ಕೊಳವೆ, ಒಳಗೊಂದು ಕೊಳವೆ, ನಡುವೆ ಒಂದು ದಪ್ಪ ಸ್ಕ್ರೂ, ಒಳಗೊಳವೆಯ ಬಾಯಲ್ಲಿ ಒಂದು ನಟ್ಟು, ಮೇಲೆ ತಿರುಗಿಸುವ ಹಿಡಿಕೆ, ಹಿಡಿಕೆಯ ಕೆಳಗೆ ಭಾರ ತಡೆಯುವ ಒಂದು ಬೇರಿಂಗು. ಇಷ್ಟೇ.

ಪುಣೆಯಲ್ಲಿ ನನ್ನ ಹೊಟ್ಟೆಪಾಡು ಯಂತ್ರಭಾಗಗಳ ವಿನ್ಯಾಸ. ಹೀಗಾಗಿ ಊರಿಗೆ ಹೋದಾಗಲೆಲ್ಲ ಕೆಟ್ಟ ಕಬ್ಬಿಣವೆಲ್ಲ ನನ್ನ ಮುಂದೆ ಬಂದು ಕೂರುತ್ತದೆ. ಆ ದೀಪಾವಳಿಗೆ ಬಂದದ್ದು ಈ ಜಾಕು. ಇನ್ನೇನು ಕಾರ್ಖಾನೆಗಳ ಹಂಗಾಮು ಶುರುವಾಗುವುದಿತ್ತು. ಹಿಡಿಕೆ ತಿರುಗಿಸಿದರೆ ಮೊದಲು ಅರ್ಧ ಸುತ್ತು ಖಾಲಿ ಹೋಗಿ, ಆಮೇಲೆ ಭಾರ ಎತ್ತುತ್ತಿತ್ತು. ಆದರೆ ಎತ್ತುತ್ತಿತ್ತು. ತಮ್ಮನ ಮಾತೂ ಅದೇ: "ಕೆಲಸ ಮಾಡಾಕತ್ತೈತಲ್ಲ, ಇದೊಂದು ಹಂಗಾಮು ಹೋಗಲಿ."

ಈ "ಕೆಲಸ ಮಾಡಾಕತ್ತೈತಲ್ಲ" ಎಂಬ ಮಾತಿನಲ್ಲೇ ಸ್ಕ್ರೂ ಜಾಕಿನ ಮೋಸ ಅಡಗಿದೆ. ಅದನ್ನು ತಿಳಿಯಲು ಸ್ಕ್ರೂ ಎಂದರೇನು ಎಂದು ಒಮ್ಮೆ ನೋಡಬೇಕು. ಸ್ಕ್ರೂ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು ದಾರಿ. ನಮ್ಮ ಜಾಕಿನ ಸ್ಕ್ರೂ 28 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ ಏರುವುದು 5 ಮಿಲಿಮೀಟರ್. ಅಂದರೆ ನಟ್ಟು ಒಂದು ಸುತ್ತಿನಲ್ಲಿ ಸುಮಾರು 80 ಮಿಲಿಮೀಟರ್ ದಾರಿ ನಡೆದು 5 ಮಿಲಿಮೀಟರ್ ಮೇಲೆ ಹೋಗುತ್ತದೆ. ಹದಿನಾರಕ್ಕೆ ಒಂದರಂಥ ಇಳಿಜಾರು. ಕಾಲು ಮೀಟರ್ ಉದ್ದದ ಹಿಡಿಕೆಯನ್ನು ತಿರುಗಿಸುವ ಕೈ ಅದೇ ಸುತ್ತಿನಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಸುತ್ತಿ ಬಂದಿರುತ್ತದೆ. ಲೆಕ್ಕ ಹಾಕಿದರೆ ಕೈಯ ಬಲ ಮುನ್ನೂರು ಪಟ್ಟಿಗಿಂತ ಹೆಚ್ಚಾಗಬೇಕು. 600 ಕಿಲೋ ಭಾರವನ್ನು ಎರಡು ಕಿಲೋದಷ್ಟು ಒತ್ತಡದಲ್ಲಿ ಎತ್ತಲು ಬರಬೇಕು. ಬರುವುದಿಲ್ಲ. ಸುಮಾರು ಆರು ಕಿಲೋ ಒತ್ತಬೇಕಾಗುತ್ತದೆ. ಉಳಿದದ್ದನ್ನು ಘರ್ಷಣೆ ತಿನ್ನುತ್ತದೆ.

ಮೂರರಲ್ಲಿ ಎರಡು ಪಾಲು ದುಡಿಮೆ ವ್ಯರ್ಥ ಎಂದು ಕೇಳಿದರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ ಆ ವ್ಯರ್ಥವಾದ ಪಾಲೇ ಜಾಕನ್ನು ಜಾಕಾಗಿಸುವುದು. ಹಿಡಿಕೆ ಬಿಟ್ಟರೂ ಭಾರ ತಾನಾಗಿ ಇಳಿದು ಬಾರದಿರುವುದಕ್ಕೆ ಕಾರಣ ಅದೇ ಘರ್ಷಣೆ. ಇಳಿಜಾರು ಎಷ್ಟು ಸಾವಕಾಶವಾಗಿದೆಯೆಂದರೆ ಲೋಹ ಲೋಹವನ್ನು ಹಿಡಿದುಕೊಂಡು ನಿಲ್ಲುತ್ತದೆ. ಯಂತ್ರಶಾಸ್ತ್ರದಲ್ಲಿ ಇದಕ್ಕೊಂದು ಸ್ಪಷ್ಟ ಫಲಿತಾಂಶವಿದೆ: ತಾನಾಗಿ ಜಾರದೆ ಭಾರ ಹಿಡಿದು ನಿಲ್ಲುವ ಸ್ಕ್ರೂವಿನ ದಕ್ಷತೆ ಶೇಕಡಾ 50ನ್ನು ದಾಟಲಾರದು. ಅರ್ಧಕ್ಕಿಂತ ಹೆಚ್ಚು ಕಳೆದುಕೊಳ್ಳಲು ಒಪ್ಪಿದ ಯಂತ್ರ ಮಾತ್ರ ಹಿಡಿದು ನಿಲ್ಲಬಲ್ಲದು. ನಮ್ಮ ಆಫೀಸುಗಳಲ್ಲಿ ದಿನವೂ ಜಪಿಸುವ ದಕ್ಷತೆ ಎಂಬ ಮಂತ್ರ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ಹೇಳಬೇಕಾದಾಗ ನನಗೆ ಈ ಸ್ಕ್ರೂ ನೆನಪಾಗುತ್ತದೆ.

ಈಗ ಮೋಸದ ವಿಷಯ. ಸ್ಕ್ರೂ ಮತ್ತು ನಟ್ಟು ಒಂದನ್ನೊಂದು ಉಜ್ಜಿಕೊಂಡು ಸವೆಯುತ್ತವೆ. ಸವೆದಾಗ ಥ್ರೆಡ್ಡು ತೆಳ್ಳಗಾಗುತ್ತದೆ, ಆದರೆ ಇಳಿಜಾರು ಬದಲಾಗುವುದಿಲ್ಲ. ಹೀಗಾಗಿ ಜಾಕು ಹೊಸದಿದ್ದಾಗ ಎತ್ತಿದಂತೆಯೇ ಕೊನೆಯ ದಿನವೂ ಎತ್ತುತ್ತದೆ, ಹಿಡಿದು ನಿಲ್ಲುತ್ತದೆ. ಎಣ್ಣೆಯ ಬಾಟಲ್ ಜಾಕು ಕೆಡುವಾಗ ಸಾಮಾನ್ಯವಾಗಿ ಸೋರುತ್ತದೆ, ನಿಧಾನಕ್ಕೆ ಕುಸಿಯುತ್ತದೆ, ನನಗೆ ವಯಸ್ಸಾಯಿತು ಎಂದು ಹೇಳುತ್ತದೆ. ಸ್ಕ್ರೂ ಜಾಕು ಹೇಳುವುದು ಒಂದೇ ಒಂದು ಮಾತು, ಆ ಖಾಲಿ ಅರ್ಧ ಸುತ್ತು. ಅದನ್ನು ಕೇಳಿಸಿಕೊಳ್ಳದಿದ್ದರೆ ಒಂದು ದಿನ ತೆಳ್ಳಗಾದ ಥ್ರೆಡ್ಡುಗಳೆಲ್ಲ ಒಟ್ಟಿಗೆ ಕಿತ್ತು ಭಾರ ಸೀದಾ ಕೆಳಗೆ ಬರುತ್ತದೆ. ನಿನ್ನೆಯವರೆಗೆ ಚೆನ್ನಾಗಿತ್ತು ಎಂಬ ಸಾಕ್ಷ್ಯಕ್ಕೆ ಇಲ್ಲಿ ಬೆಲೆಯಿಲ್ಲ.

ಬಿಚ್ಚಿ ಅಳೆದೆವು. ಸ್ಕ್ರೂವಿನ ತುದಿಯಲ್ಲಿ ನಟ್ಟು ಎಂದೂ ಮುಟ್ಟದ ಮೂರು ನಾಲ್ಕು ಥ್ರೆಡ್ಡುಗಳಿರುತ್ತವೆ. ಅವು ಹುಟ್ಟಿದಂತೆಯೇ ಇರುತ್ತವೆ, ಅಳತೆಗೆ ಅವೇ ಸಾಕ್ಷಿ. ಅವಕ್ಕೆ ಹೋಲಿಸಿದರೆ ನಡುಭಾಗದ ಥ್ರೆಡ್ಡು 0.3 ಮಿಲಿಮೀಟರ್ ಸವೆದಿತ್ತು. ಆದರೆ ನಟ್ಟನ್ನೂ ಸೇರಿಸಿದ ಒಟ್ಟು ಸಡಿಲ 1.7 ಮಿಲಿಮೀಟರ್. ಹೊಸದರಲ್ಲೇ ಇರುವ ಅಷ್ಟಿಷ್ಟು ಸಡಿಲವನ್ನು ಬಿಟ್ಟರೂ ನಟ್ಟು ತನ್ನ ಎರಡೂವರೆ ಮಿಲಿಮೀಟರ್ ದಪ್ಪದ ಥ್ರೆಡ್ಡಿನಲ್ಲಿ ಹತ್ತಿರಹತ್ತಿರ ಅರ್ಧವನ್ನು ಕಳೆದುಕೊಂಡಿತ್ತು. ಕಾಲುಭಾಗ ಸವೆದರೆ ಬದಲಿಸಿ ಎಂಬುದು ಇಂಥ ಭಾರ ಎತ್ತುವ ಸ್ಕ್ರೂಗಳ ಅನೇಕ ತಯಾರಕರ ಸಲಹೆ. ಬೇರಿಂಗಿನ ಗುಂಡುಗಳು ತುಕ್ಕು ಹಿಡಿದು ಗಡಸು ಸಕ್ಕರೆಯ ಹಾಗೆ ಕರಕರ ಎನ್ನುತ್ತಿದ್ದವು. ಹೊರಗೊಳವೆಗೆ ಬ್ರ್ಯಾಕೆಟ್ಟು ಬೆಸೆದ ಜಾಗದಲ್ಲಿ ಕೂದಲೆಳೆಯಂಥ ಬಿರುಕು.

ಇಲ್ಲಿಂದ ನಿಜವಾದ ಪ್ರಶ್ನೆ ಶುರುವಾಗುತ್ತದೆ. ಹೊಸ ಜಾಕಿಗೆ ಆಗ ಮೂರು ಸಾವಿರದ ಆಸುಪಾಸು ಇತ್ತು. ಪ್ರಾಣದ ಮುಂದೆ ಮೂರು ಸಾವಿರ ಏನು ಮಹಾ, ಹೊಸದು ತಂದುಬಿಡಿ ಎನ್ನಬಹುದು. ಈ ವಾದ ಅರ್ಧ ಸರಿ. ರಿಪೇರಿಯ ಉಳಿತಾಯ ಯಾರ ಜೇಬಿಗೆ ಹೋಗುತ್ತದೆ, ರಿಪೇರಿಯ ಅಪಾಯ ಯಾರ ಮೈಮೇಲೆ ಬೀಳುತ್ತದೆ ಎಂದು ಕೇಳಿದರೆ ಎರಡೂ ಒಬ್ಬನೇ ಅಲ್ಲ. ಉಳಿತಾಯ ನಮ್ಮ ಮನೆಯದು. ಟ್ರೇಲರು ಬಿಚ್ಚುವಾಗ, ಕೂಡಿಸುವಾಗ ಮೂಗಿನ ಬಳಿ ಕೂತು ಪಿನ್ನು ಹಾಕುವವನು ಡ್ರೈವರು. ಹಂಗಾಮಿನ ಲೆಕ್ಕಕ್ಕೆ ದುಡಿಯುವ, ಇಂಥ ಜಾಕೇ ಬೇಕು ಎಂದು ಕೇಳಲಾರದ ಮನುಷ್ಯ. ನನ್ನ ಮಿತವ್ಯಯದ ಬೆಲೆಯನ್ನು ಅವನ ಬೆರಳುಗಳಿಂದ ಕಟ್ಟಿಸುವುದಾದರೆ ಅದನ್ನು ಸದ್ಗುಣ ಎನ್ನಲು ಬಾರದು. ಮಿತವ್ಯಯ ತನ್ನ ಹೊಟ್ಟೆಯ ಮೇಲೆ ಮಾಡಿಕೊಂಡಾಗ ಮಾತ್ರ ಗುಣ.

ನಮ್ಮಲ್ಲಿ ಜುಗಾಡ್ ಎಂಬ ಪದಕ್ಕೆ ಇತ್ತೀಚೆಗೆ ಬಹಳ ಮರ್ಯಾದೆ ಬಂದಿದೆ. ದಿಲ್ಲಿಯಿಂದ ಹೈದರಾಬಾದಿನವರೆಗೆ ಮ್ಯಾನೇಜ್‌ಮೆಂಟ್ ಕೋರ್ಸುಗಳಲ್ಲಿ ಅದನ್ನು ಭಾರತೀಯ ಪ್ರತಿಭೆಯೆಂದು ಕೊಂಡಾಡುವುದನ್ನು ನೀವೂ ಕೇಳಿರುತ್ತೀರಿ. ನಟ್ಟಿನ ಒಳಗೆ ತಗಡಿನ ಚೂರು ತುರುಕಿದರೆ ಖಾಲಿ ಸುತ್ತು ನಿಲ್ಲುತ್ತದೆ, ಅದು ಜುಗಾಡ್. ಅದು ಮಾಡಿದ್ದೇನು? ಜಾಕು ಹೇಳುತ್ತಿದ್ದ ಒಂದೇ ಒಂದು ಎಚ್ಚರಿಕೆಯ ಬಾಯಿಯನ್ನು ಮುಚ್ಚಿತು. ಸವೆತ ಹಾಗೇ ಉಳಿಯಿತು, ಸುಳಿವು ಹೋಯಿತು. ರಿಪೇರಿಗೂ ಜುಗಾಡಿಗೂ ನಾನು ಎಳೆಯುವ ಗೆರೆ ಇದು: ರಿಪೇರಿ ಕಾರಣವನ್ನು ತೆಗೆಯುತ್ತದೆ, ಜುಗಾಡು ಲಕ್ಷಣವನ್ನು ಮರೆಮಾಡುತ್ತದೆ. ಮರೆಮಾಡಿದ್ದು ಗೊತ್ತಿಲ್ಲದವನೇ ಕೊನೆಗೆ ಅದರ ಕೆಳಗೆ ಇರುತ್ತಾನೆ.

ಹಾಗಾದರೆ ಹೊಸದು ತರುವುದೇ ಸರಿಯೇ? ಇಲ್ಲಿ ತಮ್ಮ ಒಂದು ಮಾತು ಹೇಳಿದ. ಹೊಸದು ತಂದರೆ ಈ ಹಳೆಯದು ಗುಜರಿಗೆ ಹೋಗುತ್ತದೆ, ಆದರೆ ಅಲ್ಲಿ ಕರಗುವುದಿಲ್ಲ. ಗುಜರಿಯವನು ಅದನ್ನು ಒರೆಸಿ, ಬಣ್ಣ ಬಳಿದು ಬದಿಗಿಡುತ್ತಾನೆ. ಮೂರು ಸಾವಿರ ಇಲ್ಲದವನೊಬ್ಬ ಐದುನೂರಕ್ಕೆ ಒಯ್ದು ತನ್ನ ಟ್ರೇಲರಿಗೆ ಹಚ್ಚುತ್ತಾನೆ. "ನಾವು ಹೊಸಾದು ತಂದ್ವಿ ಅಂತ ಇದು ಸಾಯೂದಿಲ್ಲ. ಇನ್ನೊಬ್ಬರ ಮನೀಗೆ ಹೋಗತೈತಿ, ಅಷ್ಟ."

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಗರದಲ್ಲಿ ನಾವು ಹೊಸದು ಕೊಳ್ಳುವಾಗ ಅಪಾಯವನ್ನು ಕೊನೆಗಾಣಿಸಿದೆವು ಎಂದುಕೊಳ್ಳುತ್ತೇವೆ. ಹಳೆಯ ಗೀಜರು, ಬ್ರೇಕು ಸಡಿಲವಾದ ಸ್ಕೂಟರು, ತಂತಿ ಸುಲಿದ ಇಸ್ತ್ರಿ ಪೆಟ್ಟಿಗೆ, ಇವೆಲ್ಲ ಎಕ್ಸ್‌ಚೇಂಜ್ ಆಫರಿನಲ್ಲೋ ರದ್ದಿಯವನ ಗಾಡಿಯಲ್ಲೋ ನಮ್ಮ ಮನೆ ಬಿಟ್ಟು ಹೋಗುತ್ತವೆ. ಹೋಗುವುದು ಎಲ್ಲಿಗೆ? ಬಹಳ ಸಲ ವಾಚ್‌ಮನ್‌ನ ಕೋಣೆಗೆ, ಗಾರೆ ಕೆಲಸದವರ ಶೆಡ್ಡಿಗೆ. ದುಡ್ಡು ಇದ್ದವರಿಂದ ಇಲ್ಲದವರ ಕಡೆಗೆ ಅಪಾಯ ವಲಸೆ ಹೋಗುತ್ತದೆ. ನಾವು ವಲಸಿಗರು ನಗರಕ್ಕೆ ಬಂದ ದಾರಿಗೆ ಇದು ಸರಿಯಾಗಿ ಎದುರು ದಿಕ್ಕು. ಎಸೆಯುವುದೂ ಒಂದು ನೈತಿಕ ಕೃತ್ಯವೇ, ಅದರ ಲೆಕ್ಕ ಕೇಳುವವರು ಕಡಿಮೆ ಅಷ್ಟೇ. ಹೀಗೆ ನೋಡಿದರೆ ರಿಪೇರಿಯನ್ನು ಹೋಲಿಸಬೇಕಾದದ್ದು ಅಂಗಡಿಯಲ್ಲಿ ಹೊಳೆಯುವ ಹೊಸ ಜಾಕಿನ ಜತೆಗಲ್ಲ. ಅದನ್ನು ಬಿಟ್ಟರೆ ನಿಜವಾಗಿ ಏನಾಗುತ್ತದೆಯೋ ಅದರ ಜತೆಗೆ. ಎಷ್ಟೋ ಕಡೆ ಆಗುವುದು ಇದು: ಜಾಕು ಕೆಟ್ಟ ಮೇಲೆ ಟ್ರೇಲರಿನ ಮೂಗಿಗೆ ಕಲ್ಲುಗಳ ಒಂದು ಗುಡ್ಡೆ.

ಇನ್ನು ನಟ್ಟಿನ ವಿಷಯ. ಒಳ್ಳೆಯ ಜಾಕುಗಳಲ್ಲಿ ಸ್ಕ್ರೂ ಉಕ್ಕಿನದು, ನಟ್ಟು ಗನ್‌ಮೆಟಲ್ಲಿನಂಥ ಮೆತ್ತನೆಯ ಲೋಹದ್ದು. ಎರಡರಲ್ಲೊಂದು ಸವೆಯಲೇಬೇಕು ಎಂದಾದರೆ ಚಿಕ್ಕದೂ ಬದಲಿಸಲು ಸುಲಭವಾದದ್ದೂ ಸವೆಯಲಿ ಎಂದು ವಿನ್ಯಾಸಕಾರ ಮೊದಲೇ ತೀರ್ಮಾನಿಸಿರುತ್ತಾನೆ. ಈ ತೀರ್ಮಾನ ಪ್ರಾಮಾಣಿಕವಾಗಬೇಕಾದರೆ ಒಂದು ಷರತ್ತಿದೆ: ಸವೆದದ್ದನ್ನು ಬದಲಿಸಲು ಬರಬೇಕು. ನಮ್ಮ ಜಾಕಿನಲ್ಲಿ ನಟ್ಟು ಕೂಡ ಉಕ್ಕಿನದೇ, ಅದೂ ಒಳಗೊಳವೆಗೆ ಬೆಸೆದದ್ದು. ಅಂಗೈಯಗಲದ ನಟ್ಟು ಸವೆದರೆ ಇಡೀ ಜಾಕನ್ನು ಎಸೆಯಬೇಕು ಎಂದು ತಯಾರಿಸಿದವರು ಮೊದಲೇ ಬರೆದಿಟ್ಟಂತೆ. ಎಸೆಯಲು ಮನಸ್ಸಾಗದವನು ಸವೆದದ್ದನ್ನೇ ಬಳಸುತ್ತಾನೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಬಿಚ್ಚಲು ಬಾರದಂತೆ ಮಾಡಿದವನಿಗೂ ಆಮೇಲಿನ ಅವಘಡದಲ್ಲಿ ಪಾಲಿದೆ ಎಂದೇ ನನ್ನ ಅಭಿಪ್ರಾಯ.

1929ರಲ್ಲಿ ಗಾಂಧೀಜಿಯವರ ಆಸಕ್ತಿಯಿಂದ ಅಖಿಲ ಭಾರತ ಚರಕಾ ಸಂಘ ಒಳ್ಳೆಯ ನೂಲುವ ಯಂತ್ರಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಘೋಷಿಸಿತ್ತು. ಷರತ್ತುಗಳಲ್ಲಿ ಎಷ್ಟು ನೂಲು ಎಂಬ ಲೆಕ್ಕ ಮಾತ್ರ ಇರಲಿಲ್ಲ. ಯಂತ್ರದ ಬೆಲೆ 150 ರೂಪಾಯಿ ಮೀರಬಾರದು, ಆಗಾಗ ದುರಸ್ತಿ ಮಾಡಿಕೊಂಡು 20 ವರ್ಷ ಬಾಳಬೇಕು, ವರ್ಷದ ದುರಸ್ತಿಯ ಖರ್ಚು ಯಂತ್ರದ ಬೆಲೆಯ ಶೇಕಡಾ 5ರೊಳಗಿರಬೇಕು ಎಂದೂ ಇತ್ತು. ದುರಸ್ತಿಯನ್ನು ಯಂತ್ರದ ವ್ಯಾಖ್ಯೆಯೊಳಗೇ ಸೇರಿಸಿದ್ದು ಇಲ್ಲಿಯ ವಿಶೇಷ. ಕಿರ್ಲೋಸ್ಕರ್‌ವಾಡಿಯಿಂದಲೂ ಒಂದು ಯಂತ್ರ ಈ ಸ್ಪರ್ಧೆಗೆ ಹೋಗಿತ್ತು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಹೊರಟು ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆ ಅದು. ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ಆ ಷರತ್ತು ಇಂದಿಗೂ ಹಳತಾಗಿಲ್ಲ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಮೊಬೈಲಿನ ಬ್ಯಾಟರಿಯ ಬಗ್ಗೆ ನಾವು ಬಹಳ ಮಾತಾಡುತ್ತೇವೆ; ಟ್ರೇಲರಿನ ಜಾಕಿನ ನಟ್ಟಿನ ಬಗ್ಗೆ ಮಾತಾಡಬೇಕಾದವರು ಆ ಚರ್ಚೆಗಳಲ್ಲಿ ಇರುವುದು ಕಡಿಮೆ.

ಕೊನೆಗೆ ಮಾಡಿದ್ದಿಷ್ಟು. ಬೆಸೆದ ಹಳೆಯ ನಟ್ಟನ್ನು ಕತ್ತರಿಸಿ ತೆಗೆದೆ. ಭೋಸರಿಯ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಹೊಸ ಗನ್‌ಮೆಟಲ್ ನಟ್ಟು ಕಡೆಸಿ ಊರಿಗೆ ಒಯ್ದೆ. ಅದನ್ನು ಬೆಸೆಯದೆ, ಕೊಳವೆಯ ಬಾಯಿಗೆ ಉಕ್ಕಿನ ಬಳೆಯೊಂದನ್ನು ಕೂಡಿಸಿ, ಬಳೆಗೆ ನಾಲ್ಕು ಬೋಲ್ಟುಗಳಿಂದ ಬಿಗಿದದ್ದು. ಮುಂದಿನ ಸಲ ಸವೆದಾಗ ಯಾರು ಬೇಕಾದರೂ ಒಂದು ಪಾನೆಯಿಂದ ಬಿಚ್ಚಬಹುದು. ಸ್ಕ್ರೂ ಹಳೆಯದೇ, 0.3 ಮಿಲಿಮೀಟರ್ ಸವೆತ ಮಿತಿಯೊಳಗಿತ್ತು. ನಾನಾ ಪೇಟೆಯಿಂದ ತಂದ 51205 ನಂಬರಿನ ಬೇರಿಂಗು ಹಾಕಿದೆ. ಬಿರುಕು ಬಿಟ್ಟ ಕೊಳವೆಯ ವಿಷಯದಲ್ಲಿ ಮಾತ್ರ ನನ್ನ ಕೈ ಹಾಕಲಿಲ್ಲ. ಮನೆಯ ವೆಲ್ಡಿಂಗ್ ಯಂತ್ರದಿಂದ ಮೇಲಷ್ಟೇ ತುಂಬಿ ಸಾಣೆ ಹಿಡಿದರೆ ನೋಡಲು ಚೆನ್ನಾಗಿರುತ್ತದೆ, ಒಳಗೆ ಬಿರುಕು ಕೂತೇ ಇರುತ್ತದೆ. ಆ ಕೊಳವೆಯನ್ನೇ ಬಿಟ್ಟು, ಹೊಸ ಕೊಳವೆಗೆ ದಿನವೂ ಟ್ರೇಲರಿನ ಚಾಸಿ ಬೆಸೆಯುವವನ ಕೈಯಿಂದ ಬ್ರ್ಯಾಕೆಟ್ಟು ಬೆಸೆಸಿದೆವು. ಮನೆಯಲ್ಲಿ ಮಾಡುವುದು ಎಂದರೆ ಎಲ್ಲವನ್ನೂ ನಾನೇ ಮಾಡುವುದು ಎಂದಲ್ಲ. ನನ್ನ ಕೈಗೆ ಎಲ್ಲಿ ಗೆರೆ ಎಂದು ತಿಳಿಯುವುದೂ ಆ ಕೆಲಸದ ಭಾಗ.

ಇಷ್ಟಾದ ಮೇಲೆ ತಮ್ಮ ನಕ್ಕ: "ಇದರಾಗ ಹಳೇ ಜಾಕು ಎಷ್ಟು ಉಳದೈತಿ?" ಇದು ಬಹಳ ಹಳೆಯ ಪ್ರಶ್ನೆ. ಅಥೆನ್ಸಿನವರು ಥೀಸಿಯಸ್‌ನ ಹಡಗನ್ನು ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತ ಕಾಪಾಡಿಕೊಂಡು ಬಂದರು, ಅದು ಅದೇ ಹಡಗೇ ಬೇರೆಯದೇ ಎಂದು ತತ್ತ್ವಜ್ಞಾನಿಗಳು ಜಗಳಾಡಿದರು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಕಡೆ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ರಥ ಎಂಬ ಹೆಸರು ಬಳಕೆಗೆ ಬರುತ್ತದೆ, ಅಷ್ಟೇ. ಇದರಲ್ಲಿ ನನಗೆ ನಾಗಸೇನನೇ ಹತ್ತಿರ. ಜಾಕು ಎಂದರೆ ಒಂದು ಕೆಲಸದ ಹೆಸರು. ಭಾರ ಹಿಡಿದು ನಿಲ್ಲುತ್ತೇನೆ ಎಂಬ ಒಪ್ಪಂದದ ಹೆಸರು. ಭಾಗಗಳು ಎಷ್ಟು ಹಳೆಯವು ಎಂಬುದಕ್ಕಿಂತ ಆ ಒಪ್ಪಂದ ಇನ್ನೂ ಜೀವಂತವಾಗಿದೆಯೇ ಎಂಬುದು ಮುಖ್ಯ.

ಥೀಸಿಯಸ್‌ನ ಹಡಗಿಗೆ 1655ರಲ್ಲಿ ಥಾಮಸ್ ಹಾಬ್ಸ್ ಒಂದು ತಿರುವು ಕೊಟ್ಟ. ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಏನು ಮಾಡುವಿರಿ ಎಂದು ಕೇಳಿದ. ಪುಸ್ತಕದಲ್ಲಿ ಇದು ಬುದ್ಧಿಯ ಕಸರತ್ತು. ಗುಜರಿ ಅಂಗಡಿಯ ಮುಂದೆ ಇದು ಎದ್ದು ನಿಂತ ಸತ್ಯ. ನಾವು ತೆಗೆದ ಬಿರುಕು ಕೊಳವೆ, ಕರಕರ ಬೇರಿಂಗು ಸೇರಿ ಇನ್ನೊಂದು ಜಾಕಾಗಿ ಎಲ್ಲೋ ನಿಲ್ಲಬಹುದು. ಆದ್ದರಿಂದ ಕೊಳವೆಯನ್ನು ಗ್ರೈಂಡರಿನಿಂದ ಉದ್ದಕ್ಕೆ ಸೀಳಿ, ಬೇರಿಂಗನ್ನು ಸುತ್ತಿಗೆಯಿಂದ ಒಡೆದು ಆಮೇಲೆ ಗುಜರಿಗೆ ಕೊಟ್ಟೆವು. ತೂಕಕ್ಕೆ ಬರುವ ದುಡ್ಡು ಒಂದೇ. ಭಾರ ಹೊರುವ ವಸ್ತು ಕೆಲಸಕ್ಕೆ ಬಾರದಾದಾಗ ಅದನ್ನು ಮತ್ತೆ ಬಳಸಲಾಗದಂತೆ ಹಾಳುಮಾಡುವುದು ಒಳ್ಳೆಯ ಕಾರ್ಖಾನೆಗಳಲ್ಲಿ ಹಳೆಯ ಪದ್ಧತಿ. ರಿಪೇರಿಯಷ್ಟೇ ಕಾಳಜಿ ಒಂದು ವಸ್ತುವಿನ ಅಂತ್ಯಕ್ರಿಯೆಗೂ ಬೇಕು.

ಪರೀಕ್ಷೆಯೂ ಆಯಿತು. ಮರಳಿನ ಚೀಲಗಳನ್ನು ಟ್ರೇಲರಿನ ಮುಂಭಾಗಕ್ಕೆ ಒಟ್ಟಿ, ಸಾಮಾನ್ಯವಾಗಿ ಬೀಳುವ ಭಾರದ ಒಂದೂವರೆ ಪಟ್ಟು ಜಾಕಿನ ಮೇಲೆ ಬೀಳುವಂತೆ ಮಾಡಿದೆವು. ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮೂಗಿನ ಕೆಳಗೆ ಎರಡು ಬೆರಳು ಅಂತರದಲ್ಲಿ ಮರದ ದಿಮ್ಮಿ ಇಟ್ಟು, ಯಾರೂ ಹತ್ತಿರ ಹೋಗದಂತೆ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಅಳೆದರೆ ಒಂದು ಮಿಲಿಮೀಟರೂ ಇಳಿದಿರಲಿಲ್ಲ.

ಇಲ್ಲಿಗೆ ಲೆಕ್ಕ ಚುಕ್ತಾ ಆಯಿತೆಂದು ಎಂಜಿನಿಯರ್ ಬುದ್ಧಿ ಹೇಳುತ್ತದೆ. ಡ್ರೈವರಿಗೆ ಎಲ್ಲ ತೋರಿಸಿದೆ: ಏನು ಸವೆದಿತ್ತು, ಏನು ಬದಲಾಯಿತು, ಏನು ಹಳೆಯದೇ ಉಳಿಯಿತು. ಅಪಾಯ ಹೊರುವವನಿಗೆ ತಿಳಿಸದೆ ಮಾಡಿದ ಒಳ್ಳೆಯ ಕೆಲಸವೂ ಅರ್ಧ ಕೆಲಸ ಎಂದು ನಂಬಿದವನು ನಾನು. ಅವನು ಹಿಡಿಕೆ ನಾಲ್ಕು ಸುತ್ತು ತಿರುಗಿಸಿ ನೋಡಿದ. "ಚಲೋ ಆಗೈತ್ರಿ" ಅಂದ. ಆಮೇಲೆ ತಡೆದು, "ನೀವು ಮಾಡೀರಿ ಖರೆ. ಆದ್ರ ಇದು ಕುಸದ ದಿನ ನೀವು ಪುಣ್ಯಾದಾಗ ಇರ್ತೀರಿ. ಕೈ ಇಡಾಂವ ನಾ" ಅಂದ. ಸಿಟ್ಟಿನಿಂದ ಹೇಳಿದ್ದಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ.

ಅವನ ಮಾತಿನಲ್ಲಿ ನನ್ನ ಅಳತೆಗಳಿಗೆಲ್ಲ ಸಿಗದ ಒಂದು ಸಂಗತಿಯಿದೆ. ಊರಿನ ಬಡಿಗೇರ, ಕಂಬಾರ ರಿಪೇರಿ ಮಾಡಿದಾಗ ಅವನು ಅಲ್ಲೇ ಇರುತ್ತಿದ್ದ. ಗಾಡಿಯ ಅಚ್ಚು ಮುರಿದರೆ ಸಂಜೆಗೆ ಅವನ ಮನೆಯ ಮುಂದೆ ಜನ ನಿಲ್ಲುತ್ತಿದ್ದರು. ಅವನ ಕೌಶಲದ ಮೇಲಿನ ನಂಬಿಕೆಯ ದೊಡ್ಡ ಪಾಲು ಅವನು ಎಲ್ಲಿಗೂ ಹೋಗುವುದಿಲ್ಲ ಎಂಬುದರ ಮೇಲೆ ನಿಂತಿತ್ತು. ನಾನು ಕೌಶಲವನ್ನು ಒಯ್ದೆ, ಅಳತೆಯ ಸಾಧನಗಳನ್ನು ಒಯ್ದೆ, ಒಳ್ಳೆಯ ಲೋಹವನ್ನು ಒಯ್ದೆ. ಇರುವಿಕೆಯನ್ನು ಒಯ್ಯಲಾಗಲಿಲ್ಲ, ಐದನೇ ದಿನ ನನ್ನ ಬಸ್ಸಿತ್ತು. ವಲಸೆ ಹೋದವರು ಊರಿಗೆ ಮಾಡುವ ಅನೇಕ ಉಪಕಾರಗಳಿಗೆ ಈ ಗುಣವಿದೆ. ಹಣ ಕಳಿಸುತ್ತೇವೆ, ಅಪ್ಪನಿಗೆ ಒಳ್ಳೆಯ ಆಸ್ಪತ್ರೆ ಹುಡುಕುತ್ತೇವೆ, ಮನೆಗೆ ಇನ್ವರ್ಟರ್ ಹಾಕಿಸುತ್ತೇವೆ, ಬೋರ್‌ವೆಲ್ಲಿಗೆ ಮೊಬೈಲಿನಿಂದ ನಡೆಯುವ ಸ್ಟಾರ್ಟರ್ ಕೂಡಿಸುತ್ತೇವೆ. ಅವು ಕೆಟ್ಟ ದಿನ ಅವುಗಳ ಮುಂದೆ ನಿಂತಿರುವವರು ಬೇರೆ ಯಾರೋ.

ಇದರಿಂದ ಏನೂ ಮಾಡಬಾರದು ಎಂದು ತೀರ್ಮಾನಿಸಿದರೆ ಅದು ಸುಲಭದ ದಾರಿ. ದೂರದಲ್ಲಿರುವವನ ಹೊಣೆ ಕಡಿಮೆಯಾಗುವುದಿಲ್ಲ, ಅದರ ಆಕಾರ ಬದಲಾಗುತ್ತದೆ. ನಾನು ಅಲ್ಲಿ ಇರಲಾರೆನಾದರೆ, ನಾನಿಲ್ಲದೆಯೂ ನಡೆಯುವಂತೆ ಆ ಕೆಲಸವನ್ನು ಬಿಟ್ಟುಬರಬೇಕು. ಬಿಚ್ಚಲು ಬರುವ ನಟ್ಟು ಅದರ ಒಂದು ಭಾಗ. ಜಾಕಿನ ಕೊಳವೆಯ ಮೇಲೆ ಬಿಳಿ ಬಣ್ಣದಲ್ಲಿ ನಟ್ಟು ಹಾಕಿದ ತಿಂಗಳು, ವರ್ಷ, ಹೊರಬಹುದಾದ ಭಾರ ಬರೆದೆವು. ಹಿಡಿಕೆ ಎಷ್ಟು ಖಾಲಿ ತಿರುಗಿದರೆ ನಟ್ಟು ಬದಲಿಸಬೇಕು ಎಂಬುದಕ್ಕೆ ಹಿಡಿಕೆಯ ಕೆಳಗೆ ಎರಡು ಗೆರೆ ಕೊರೆದೆವು. ಗುರುತು ಮೊದಲ ಗೆರೆಯಿಂದ ಎರಡನೆಯದಕ್ಕೆ ಖಾಲಿ ಹೋದರೆ ಆಯಸ್ಸು ಮುಗಿಯಿತು. ಅದಕ್ಕೆ ವರ್ನಿಯರ್ ಬೇಡ, ಎಂಜಿನಿಯರ್ ಬೇಡ, ಕಣ್ಣು ಸಾಕು. ಇನ್ನೊಂದು ನಟ್ಟನ್ನು ಕಡೆಸಿ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಇರಿಸಲಾಗಿದೆ. ಮತ್ತು ಒಂದು ಮಾತು ತಮ್ಮನಿಂದ ಡ್ರೈವರಿನ ಎದುರಿಗೇ ಆಗಿದೆ: ಗುರುತು ದಾಟಿದ ಜಾಕನ್ನು ಬಳಸುವುದಿಲ್ಲ ಎಂದು ಡ್ರೈವರು ಹೇಳಿದರೆ ಆ ದಿನದ ಪಗಾರ ಕಡಿಯುವಂತಿಲ್ಲ. ಬೇಡ ಎನ್ನುವ ಅಧಿಕಾರವಿಲ್ಲದವನಿಗೆ ಅಪಾಯವನ್ನು ವಿವರಿಸಿ ಹೇಳುವುದು ಬರೀ ನಮ್ಮ ಮನಸ್ಸಮಾಧಾನಕ್ಕೆ.

ಇವೆಲ್ಲದರ ಮೇಲೆ ಒಂದು ನಿಯಮ, ಅದು ಹೊಸ ಜಾಕಿಗೂ ಅಷ್ಟೇ ಅನ್ವಯ. ಜಾಕು ಎತ್ತುವುದಕ್ಕೆ, ಎತ್ತಿದ ಮೇಲೆ ಹೊರುವುದು ದಿಮ್ಮಿ. ಜಾಕಿನ ಮೇಲಷ್ಟೇ ನಿಂತ ಭಾರದ ಕೆಳಗೆ ಯಾರೂ ಕೈಯಾಗಲಿ ಮೈಯಾಗಲಿ ಇಡಕೂಡದು. ಜಗತ್ತಿನ ಎಲ್ಲ ಗ್ಯಾರೇಜುಗಳಲ್ಲೂ ಈ ನಿಯಮ ಇದೆ, ಎಲ್ಲ ಕಡೆಯೂ ಅವಸರದಲ್ಲಿ ಮುರಿಯುತ್ತದೆ. ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸಾಲಿನಲ್ಲಿ ನಿಂತ ಡ್ರೈವರಿಗೆ ಅವಸರ ಹೇಗಿರುತ್ತದೆ ಎಂದು ಊಹಿಸಿದರೆ ನಿಯಮವೊಂದೇ ಸಾಲದು ಎನ್ನುವುದೂ ತಿಳಿಯುತ್ತದೆ. ಅದಕ್ಕಾಗಿ ದಿಮ್ಮಿಯನ್ನು ಒಂದು ಸರಪಳಿಯಿಂದ ಟ್ರೇಲರಿನ ಮೂಗಿಗೇ ಕಟ್ಟಿದ್ದೇವೆ, ಹುಡುಕುವ ಕೆಲಸ ಇರಬಾರದೆಂದು.

ಹಾಗಾದರೆ ಮನೆಯಲ್ಲಿ ರಿಪೇರಿ ಮಾಡುವ ಹಕ್ಕು ನನಗಿದೆಯೇ? ಇದೆ ಎಂದು ನಾನು ಹೇಳುತ್ತೇನೆ, ಆದರೆ ಅದು ಜಾಕು ನಮ್ಮದು ಎಂಬ ಕಾರಣಕ್ಕೆ ಬಂದದ್ದಲ್ಲ, ನನಗೆ ಕೆಲಸ ಬರುತ್ತದೆ ಎಂಬ ಕಾರಣಕ್ಕೂ ಅಲ್ಲ. ಅಳೆದು ನೋಡಿದ್ದರಿಂದ, ಮರೆಮಾಡದೆ ಹೇಳಿದ್ದರಿಂದ, ಕೆಳಗೆ ಕೈ ಇಡುವವನಿಗೆ ಬೇಡ ಎನ್ನಲು ಜಾಗ ಬಿಟ್ಟದ್ದರಿಂದ, ಮುಂದಿನ ರಿಪೇರಿಯನ್ನು ಇನ್ನೊಬ್ಬರು ಮಾಡಲು ಬರುವಂತೆ ಇಟ್ಟದ್ದರಿಂದ ಆ ಹಕ್ಕು ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹೊಸದು ತರುವುದೇ ಮೇಲು, ಹಳೆಯದನ್ನು ಸೀಳಿ ಗುಜರಿಗೆ ಹಾಕಿದ ಮೇಲೆ. ಡ್ರೈವರಿನ ಮಾತಿಗೆ ಇದು ಪೂರ್ತಿ ಉತ್ತರವಲ್ಲ. ಅದಕ್ಕೆ ಪೂರ್ತಿ ಉತ್ತರ ಅಲ್ಲಿ ಇರುವುದೊಂದೇ, ಅದನ್ನು ಕೊಡಲು ನನ್ನಿಂದ ಆಗದು. ಆಗುವುದನ್ನು ಮಾಡುತ್ತಿದ್ದೇನೆ: ಹಂಗಾಮು ನಡೆದಿರುವ ತಿಂಗಳುಗಳಲ್ಲಿ ಅವನಿಗೆ ಫೋನು ಮಾಡಿದಾಗ ಮೊದಲು ಕೇಳುವುದು, ಗುರುತು ಎಲ್ಲಿಗೆ ಬಂತು ಎಂದು.